ಬಾಲದೊಳಗಿನ ಎರಡು ತಾಮ್ರಪಟ್ಟಿ

ಡಂಬಳ, ಧೂಳುಮಾಸದ ನಲವತ್ತೊಂದನೆಯ ದಿನ,
ಎರಡು ಸಾವಿರದ ಇನ್ನೂರ ಒಂಬತ್ತನೆಯ ಇಸವಿ.

ಪೂಜ್ಯ ಮೌನೇಶಪ್ಪ ಬಡಿಗೇರರ ಸನ್ನಿಧಿಗೆ, ನಿಮ್ಮಿಂದ ಏಳನೆಯ ತಲೆಯವಳಾದ ಕಾಳವ್ವನ ಶರಣು.

ಮೇಲಿನ ತಾರೀಖು ನೋಡಿ ಯಾರೋ ಚೇಷ್ಟೆ ಮಾಡಿದ್ದಾರೆಂದು ಕಾಗದ ಒಗೆಯಬೇಡಿ. ಒಂದು ತಿಂಗಳಿಗೆ ನಲವತ್ತೊಂದು ದಿನ ಎಲ್ಲಿಂದ ಬಂತು ಎಂದು ನೀವು ಕೇಳುವುದು ಸಹಜ. ಚೈತ್ರ ಮುಗಿದ ಮೇಲೆ ನಮ್ಮಲ್ಲಿ ಧೂಳು ಏಳುತ್ತದೆ. ಅದು ಇಳಿಯುವವರೆಗೆ ವೈಶಾಖ ಶುರುವಾಗುವುದಿಲ್ಲ. ಒಂದು ವರ್ಷ ಹದಿನೆಂಟು ದಿನ, ಇನ್ನೊಂದು ವರ್ಷ ಅರವತ್ತು ದಿನ. ಪಂಚಾಂಗದವರು ಜಗಳಾಡಿ ಸೋತು, ಅದನ್ನೇ ಒಂದು ಮಾಸವೆಂದು ಒಪ್ಪಿಕೊಂಡರು. ನನ್ನ ಮಾತಿನಲ್ಲಿ ನಿಮಗೆ ತಿಳಿಯದ ಶಬ್ದಗಳು ಬಂದರೆ ಕ್ಷಮಿಸಿ. ನಿಮ್ಮ ಕಾಲದ ಬರವಣಿಗೆಯನ್ನು ನಾನು ಕಲಿತದ್ದು ಹಳೆಯ ಡಬ್ಬಿಗಳ ಮೇಲಿನ ಚೀಟಿ ಓದಿ. ಆದ್ದರಿಂದ ಎಲ್ಲಾದರೂ ಪತ್ರದ ಧಾಟಿ ಬಿಟ್ಟು ಉಪ್ಪಿನಕಾಯಿ ಮಾರುವವಳಂತೆ ಬರೆದಿದ್ದರೆ ನಕ್ಕುಬಿಡಿ. ನಿಮಗೆ ಈಗ ನಲವತ್ತೆರಡು ವರ್ಷ, ನನಗೆ ಅರವತ್ತಮೂರು. ಆದರೂ ನಿಮ್ಮನ್ನು ಅಜ್ಜ ಎನ್ನದೆ ಬೇರೆ ದಾರಿಯಿಲ್ಲ.

ಅಜ್ಜಾ, ನೀವು ಈಗ ಮುಂಡರಗಿ ರಸ್ತೆಯ ತಗಡಿನ ಶೆಡ್ಡಿನಲ್ಲಿ ಇದ್ದೀರಿ. ಬಾಗಿಲು, ಕಿಟಕಿ, ಮಂಚ ಮಾಡುವ ಕೈಯಿಂದ ವಿಮಾನ ಜೋಡಿಸುತ್ತಿದ್ದೀರಿ. ಪರದೇಶದಿಂದ ಪೆಟ್ಟಿಗೆಗಳಲ್ಲಿ ಬಂದ ಬಿಡಿಭಾಗಗಳು, ಇಬ್ಬರು ಕೂರುವಷ್ಟು ಜಾಗ, ನೀವು ಫೈಬರ್ ಗ್ಲಾಸ್ ಎನ್ನುವ ಗಾಜುನಾರಿನ ಮೈ. ಊರವರು ನಗುತ್ತಿದ್ದಾರೆಂದು ಕೇಳಿದ್ದೇನೆ. ಬಡಿಗೇರನಿಗೆ ರೆಕ್ಕೆ ಬಂದವು ಎಂಬ ಹಾಸ್ಯ ನಮ್ಮ ಮನೆತನದಲ್ಲಿ ಇನ್ನೂ ಓಡಾಡುತ್ತಿದೆ. ಅವರು ನಗಲಿ. ನಿಮ್ಮ ವಿಮಾನ ನೂರ ಎಂಬತ್ತು ವರ್ಷ ಉಳಿಯಿತು. ನಡುವೆ ಯಾರೋ ಅದನ್ನು ಬಿಚ್ಚಿ, ಅದೇ ಪೆಟ್ಟಿಗೆಗಳಲ್ಲಿ ತುಂಬಿ, ಬೇವಿನ ಸೊಪ್ಪು ಹಾಕಿ ಇಟ್ಟಿದ್ದರು. ಮುಚ್ಚಳದ ಮೇಲೆ ನಿಮ್ಮ ಹೆಸರಿತ್ತು. ಕಾಗದಪತ್ರಗಳನ್ನೆಲ್ಲ ಗೆದ್ದಲು ತಿಂದಿತ್ತು. ಮೈ ಮಾತ್ರ ಗಟ್ಟಿಯಾಗಿತ್ತು. ನನ್ನ ತಮ್ಮ ನಾಗಲಿಂಗ ಅದರ ರೆಕ್ಕೆಗೆ ಬೆರಳಿನಿಂದ ಬಡಿದು, ಮಡಕೆ ಕೊಳ್ಳುವವನಂತೆ ಕಿವಿಗೊಟ್ಟು ಕೇಳಿ, "ಯಕ್ಕಾ, ಇದಕ್ಕ ಇನ್ನೂ ಜೀವ ಐತಿ" ಎಂದ.

ನಮಗೆ ವಿಮಾನ ಏಕೆ ಬೇಕಾಯಿತು ಎಂಬುದನ್ನು ಹೇಳಬೇಕು. ಧೂಳುಮಾಸದಲ್ಲಿ ರಸ್ತೆಗಳು ಮುಚ್ಚಿಹೋಗುತ್ತವೆ. ಡಾಂಬರಿನ ಮೇಲೆ ಮೊಣಕಾಲುದ್ದ ಮಣ್ಣು ಕೂರುತ್ತದೆ. ಹೊಳೆಯಾಚೆಯ ಹಳ್ಳಿಗಳಲ್ಲಿ ಯಾರಿಗಾದರೂ ಹಾವು ಕಚ್ಚಿದರೆ, ಹೆರಿಗೆ ಕಷ್ಟವಾದರೆ, ಔಷಧ ತಲುಪಿಸಲು ಆಕಾಶವೊಂದೇ ದಾರಿ. ಬೆಳಗಿನ ನಾಲ್ಕೈದು ತಾಸು ಗಾಳಿ ಸುಮ್ಮನಿರುತ್ತದೆ. ಆ ಹೊತ್ತಿನಲ್ಲಿ ಹೋಗಿ ಬಂದುಬಿಡಬೇಕು. ನಾಗಲಿಂಗ ನಿಮ್ಮ ಎಂಜಿನ್ ಕಿತ್ತು, ಬಿಸಿಲಿನಿಂದ ತುಂಬಿಸುವ ಬ್ಯಾಟರಿಯ ಮೋಟರು ಕೂರಿಸಿದ. ಎರಡು ವರ್ಷ ಅವನು ಹಾರಾಡಿದ. ಹನ್ನೊಂದು ಜನರ ಜೀವ ಉಳಿಯಿತು. ಅವರಲ್ಲಿ ಒಂದು ಕೂಸಿಗೆ ವಿಮಾನವ್ವ ಎಂದು ಹೆಸರಿಟ್ಟರು. ದೊಡ್ಡವಳಾದ ಮೇಲೆ ಆಕೆ ನಮಗೆ ಬೈಯದೆ ಬಿಡುವುದಿಲ್ಲ.

ಈಗ ತಪ್ಪಿನ ವಿಷಯಕ್ಕೆ ಬರುತ್ತೇನೆ. ಅದು ನನ್ನ ತಪ್ಪು.

ನಮ್ಮ ಕಾಲದಲ್ಲಿ ಬಿಸಿಲು ಬಹಳ. ಆದ್ದರಿಂದ ಯುಗಾದಿಗೆ ಎಂಟು ದಿನ ಮೊದಲು ಪ್ರತಿ ಮನೆಯವರೂ ತಂಪುಬಣ್ಣ ಬಳಿಯುತ್ತಾರೆ. ಅಗಸೆ ಎಣ್ಣೆಯಲ್ಲಿ ಅಲ್ಯುಮಿನಿಯಮ್ ಪುಡಿ ಕಲಸಿದ ಬಣ್ಣ ಅದು. ಬಿಸಿಲನ್ನು ಬಂದ ದಾರಿಗೇ ಹಿಂದಕ್ಕೆ ಅಟ್ಟುತ್ತದೆ. ಮಾಳಿಗೆ, ನೀರಿನ ಟಾಕಿ, ದನದ ಕೊಟ್ಟಿಗೆ, ಚಕ್ಕಡಿಯ ಮುಚ್ಚಿಗೆ, ಯಾವುದನ್ನೂ ಬಿಡುವುದಿಲ್ಲ. ಮನೆಯಲ್ಲಿ ಬಣ್ಣ ಕಾಣದ ವಸ್ತು ಉಳಿದರೆ ಅದು ಮುನಿಸಿಕೊಳ್ಳುತ್ತದೆ ಎಂದು ಹಿರಿಯರು ಹೇಳುತ್ತಾರೆ. ಮೊದಲ ವರ್ಷ ವಿಮಾನವಿನ್ನೂ ಅರ್ಧ ಜೋಡಣೆಯಾಗಿತ್ತು. ಎರಡನೆಯ ವರ್ಷ ನನಗೆ ಮೈಯಲ್ಲಿ ಹುಷಾರಿರಲಿಲ್ಲ. ಮೂರನೆಯ ಯುಗಾದಿಗೆ, ಇಷ್ಟು ದುಡಿದ ವಿಮಾನವನ್ನು ಬಿಸಿಲಿಗೆ ಬಿಡುವುದು ಯಾವ ನ್ಯಾಯ ಎಂದುಕೊಂಡು, ಮೂತಿಯಿಂದ ಬಾಲದವರೆಗೆ ಎರಡು ಕೈ ಬಣ್ಣ ಬಳಿದೆ. ಹಿಂದೆ ನೆಟ್ಟಗೆ ನಿಂತಿರುವ ಬಾಲದ ಹಲಗೆಗೆ ಮೂರು ಕೈ. ಅಲ್ಲಿ ಬಿಸಿಲು ಹೆಚ್ಚು ಬೀಳುತ್ತದೆಂದು ಪ್ರೀತಿಯಿಂದ ಬಳಿದೆ.

ಆ ಬಾಲದೊಳಗೆ ನೀವು ರೇಡಿಯೋದ ಆಂಟೆನಾ ಹುದುಗಿಸಿದ್ದೀರೆಂದು ನನಗೆ ಗೊತ್ತಿರಲಿಲ್ಲ. ನಮ್ಮ ಕಾಲದ ಮಾತುಡಬ್ಬಿಗಳಿಗೆ, ಅಂದರೆ ಕೈಯಲ್ಲಿ ಹಿಡಿದು ಮಾತಾಡುವ ರೇಡಿಯೋಗಳಿಗೆ, ಎಲ್ಲವೂ ಡಬ್ಬಿಯ ಹೊಟ್ಟೆಯಲ್ಲೇ ಇರುತ್ತದೆ. ನಿಮ್ಮ ರೇಡಿಯೋದ ಹಿಂಬದಿಯಿಂದ ಒಂದು ದಪ್ಪ ತಂತಿ ಹೊರಟು ಬಾಲದ ಕಡೆ ಹೋಗುತ್ತಿತ್ತು. ಅದು ಹಿಂದಿನ ದೀಪದ ತಂತಿಯೆಂದು ನಾನೂ ನಾಗಲಿಂಗನೂ ತಿಳಿದಿದ್ದೆವು. ಬಣ್ಣ ಬಳಿದಾದ ಮೇಲೆ ಹೊಲದಲ್ಲಿ ನಿಂತು ಮಾತಾಡಿ ನೋಡಿದೆವು. ನೂರು ಹೆಜ್ಜೆ ದೂರದಲ್ಲಿ ಚೆನ್ನಾಗಿಯೇ ಕೇಳಿಸಿತು. ಅವನು ಕೆರೆಯ ಮೇಲೆ ಒಂದು ಸುತ್ತು ಹಾಕಿದಾಗ ದನಿ ಸ್ವಲ್ಪ ಸಣ್ಣಗಾಗಿತ್ತು. ನಾನು ಅದನ್ನು ಹೇಳಿದೆ. "ನಿನ್ನ ಕಿವಿಗೆ ವಯಸ್ಸಾಗೇತಿ, ಡಬ್ಬಿ ಏನ್ ಮಾಡೀತು" ಎಂದು ನಕ್ಕ. ನಾನೂ ನಕ್ಕೆ.

ಆ ವರ್ಷ ಧೂಳುಮಾಸದ ಒಂಬತ್ತನೆಯ ದಿನ ಹೊಳೆಯಾಚೆ ಒಬ್ಬ ಹೆಣ್ಣುಮಗಳಿಗೆ ಹಾವು ಕಚ್ಚಿತು. ನಾಗಲಿಂಗ ಔಷಧ ಮುಟ್ಟಿಸಿದ. ಆಕೆ ಇವತ್ತಿಗೂ ಇದ್ದಾಳೆ, ಚೆನ್ನಾಗಿದ್ದಾಳೆ. ಅವನು ಅಲ್ಲಿಂದ ಹೊರಟ ಸ್ವಲ್ಪ ಹೊತ್ತಿಗೆ ನಮ್ಮ ಕಡೆ ಗಾಳಿ ತಿರುಗಿತು. ಒಂಬತ್ತು ಗಂಟೆಗೆ ಏಳಬೇಕಾದ ಧೂಳು ಏಳೂವರೆಗೇ ಎದ್ದು ಕಪ್ಪತಗುಡ್ಡವನ್ನು ನುಂಗಿತು. ಆಚೆ ಆಕಾಶ ತಿಳಿಯಾಗಿಯೇ ಇತ್ತು. ಅವನು ಹೊರಳಿ ಹೋದರೆ ಸಾಕಾಗಿತ್ತು, ಅಷ್ಟೇ. ನಾನು ಮಾಳಿಗೆಯ ಮೇಲೆ ನಿಂತು ಡಬ್ಬಿಯಲ್ಲಿ ಕೂಗಿದೆ: "ನಾಗ್ಯಾ, ಇತ್ತ ಬರಬ್ಯಾಡ. ಹೊಳೀ ಕಡೆ ಹೊಳ್ಳು. ಇಲ್ಲಿ ಏನೂ ಕಾಣಂಗಿಲ್ಲ." ಉತ್ತರ ಬರಲಿಲ್ಲ. ಮತ್ತೆ ಹೇಳಿದೆ. ಅದನ್ನೇ ಹೇಳುತ್ತಲೇ ಇದ್ದೆ. ಕೊನೆಗೆ ಮೋಟರಿನ ಸದ್ದು ಧೂಳಿನೊಳಗೆ ನಮ್ಮ ಮನೆಯ ಮೇಲೆಯೇ ಹಾದು ಗುಡ್ಡದ ಕಡೆ ಹೋಯಿತು. ಅವನೂ ನನ್ನನ್ನು ಕೂಗುತ್ತಿದ್ದನೋ ಏನೋ. ನನ್ನ ಡಬ್ಬಿಯಲ್ಲಿ ಗುಂಯ್ ಎಂಬ ಶಬ್ದ ಬಿಟ್ಟು ಬೇರೇನೂ ಬರಲಿಲ್ಲ.

ಮೂರನೆಯ ದಿನ ಗುಡ್ಡದ ಇಳಿಜಾರಿನಲ್ಲಿ ಸಿಕ್ಕ. ಅವನ ಮುಖಕ್ಕೆ ಏನೂ ಆಗಿರಲಿಲ್ಲ. ವಿಮಾನದ ಬಾಲ ಮುರಿದು, ಕಡಲೆಕಾಯಿಯಂತೆ ಎರಡು ಹೋಳಾಗಿ ಬಿದ್ದಿತ್ತು. ಒಳಗೆ ಎರಡು ತಾಮ್ರಪಟ್ಟಿಗಳು. ಒಂದು ಮೇಲಕ್ಕೆ, ಒಂದು ಕೆಳಕ್ಕೆ, ಪ್ರತಿಯೊಂದೂ ಒಂದು ಮೊಳ ಆರು ಬೆರಳು ಉದ್ದ. ನಡುವೆ ಆ ದಪ್ಪ ತಂತಿಯ ಬೆಸುಗೆ, ಒಂದು ಕಲೆಯೂ ಇಲ್ಲದ ಅಚ್ಚುಕಟ್ಟಾದ ಬೆಸುಗೆ. ಅದರ ಪಕ್ಕದಲ್ಲಿ, ಒಳಮೈಯಲ್ಲಿ, ಬಡಿಗನ ಸೀಸದಕಡ್ಡಿಯಿಂದ ನೀವು ಬರೆದದ್ದು: "ಆಂಟೆನಾ ಇಲ್ಲಿದೆ. ಮೇಲೆ ಲೋಹದ ಬಣ್ಣ ಹಚ್ಚಬಾರದು." ಕೆಳಗೆ ನಿಮ್ಮ ಸಹಿ, ತಾರೀಖು. ನಾನು ಬಳಿದ ಅಲ್ಯುಮಿನಿಯಮ್ ಬಿಸಿಲನ್ನು ಅಟ್ಟಿದಂತೆಯೇ ರೇಡಿಯೋದ ಅಲೆಗಳನ್ನೂ ಹಿಂದಕ್ಕೆ ಅಟ್ಟಿತ್ತು.

ಅಜ್ಜಾ, ಅದನ್ನು ಓದಿ ನಾನು ನಿಮಗೆ ಬಾಯಿಗೆ ಬಂದಂತೆ ಬೈದೆ. ಅದನ್ನು ಮುಚ್ಚಿಡುವುದಿಲ್ಲ. ಆಮೇಲೆ ಮನೆಯ ಹಳೆಯ ಕಪಾಟಿನ ಖಾನೆ ಎಳೆದು ನೋಡಿದೆ. ಅದರ ಅಡಿಯಲ್ಲೂ ಬರಹವಿತ್ತು. ಬಾಗಿಲ ಚೌಕಟ್ಟಿನ ಗೋಡೆ ಕಡೆಯ ಮೈಯಲ್ಲೂ ಇತ್ತು. ಗುರುತು ಒಳಗಿರಬೇಕು, ಮುಖ ಚೊಕ್ಕಾಗಿರಬೇಕು ಎಂಬುದು ನಮ್ಮ ಕಸುಬಿನ ನಡೆ. ನಾನೂ ಹಾಗೆಯೇ ಬರೆಯುತ್ತಿದ್ದವಳು. ನೀವು ತಿಳಿಯದೆ ಮಾಡಲಿಲ್ಲ, ಒಳ್ಳೆಯ ಬಡಿಗ ಮಾಡುವುದನ್ನೇ ಮಾಡಿದಿರಿ. ನಾನೂ ಒಳ್ಳೆಯ ಮನೆವಾರ್ತೆಯ ಹೆಂಗಸು ಮಾಡುವುದನ್ನೇ ಮಾಡಿದೆ. ನಡುವೆ ಅವನು ಹೋದ.

ಇದಾಗಿ ಏಳು ವರ್ಷ. ಮುರಿದ ಭಾಗಗಳ ಅಚ್ಚು ತೆಗೆದು, ಸೆಣಬಿನ ಬಟ್ಟೆ ಮತ್ತು ಅಂಟಿನಿಂದ ಹೊಸ ಮೈ ಕಟ್ಟಿದ್ದೇವೆ. ಹಾರಿಸುವವಳು ಅವನ ಮಗಳು ಸಾವಂತ್ರಿ. ಬೇಡವೆಂದು ಹೇಳಿ ನೋಡಿದೆ. "ಅತ್ತೀ, ಹೊಳೀ ಆಚೆ ಮಂದಿಗೆ ಏನಂತ ಹೇಳಲಿ?" ಎಂದು ಕೇಳಿದಳು. ಈ ಸಲ ಆಂಟೆನಾ ನಾನೇ ಕೂರಿಸಿದೆ. ಯಾರ ಕಣ್ಣಿಗೂ ಬೀಳದೆ ಇರಬಾರದೆಂದು ವಿಮಾನದ ಹೊಟ್ಟೆಯ ಕೆಳಗೆ ತೂತು ಕೊರೆದು, ಉಕ್ಕಿನ ಕಡ್ಡಿಯನ್ನು ಹೊರಕ್ಕೇ ನಿಲ್ಲಿಸಿದೆ. ಉದ್ದ ನಿಮ್ಮದೇ ಅಳತೆ, ಒಂದು ಮೊಳ ಆರು ಬೆರಳು. ಗಿಡಕ್ಕೆ ನೆಲ ಬೇಕಾದಂತೆ ಆ ಕಡ್ಡಿಯ ಬುಡಕ್ಕೂ ಲೋಹದ ನೆಲ ಬೇಕು, ಸೆಣಬಿನ ಮೈ ಅದಕ್ಕೆ ಸಾಲದು. ನಮ್ಮವ್ವನ ತಾಮ್ರದ ಕೊಡವನ್ನು ಬಿಚ್ಚಿ, ಬಡಿದು ತಗಡು ಮಾಡಿ, ಒಳಗಿನಿಂದ ಹಾಸಿದೆ. ರೇಡಿಯೋದ ಆ ದಪ್ಪ ತಂತಿಯ ಹೊರ ಹೆಣಿಗೆಯನ್ನು ತಗಡಿಗೆ, ಒಳ ಎಳೆಯನ್ನು ಕಡ್ಡಿಗೆ ಬೆಸೆದೆ. ತಗಡನ್ನು ಬಿಗಿಯುವ ತಿರುಪುಗಳ ಕೆಳಗಿನ ಕಿಲುಬು ಕೆರೆದು ಲೋಹಕ್ಕೆ ಲೋಹ ಮುಟ್ಟಿಸಿದೆ. ಮೊನ್ನೆ ಅವಳು ಹೊಳೆ ದಾಟಿ ಹೋಗಿ ಮಾತಾಡಿದಳು. ಪಕ್ಕದ ಕೋಣೆಯಿಂದ ಕರೆದ ಹಾಗೆ ಕೇಳಿಸಿತು. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಎನ್ನುತ್ತಾರೆ. ನನ್ನ ಒಲೆ ಈಗ ಚೆನ್ನಾಗಿಯೇ ಉರಿಯುತ್ತಿದೆ.

ಆದರೂ ಮನಸ್ಸು ಒಪ್ಪುವುದಿಲ್ಲ, ಅದಕ್ಕೇ ಈ ಪತ್ರ. ಇದು ನಿಮ್ಮನ್ನು ಹೇಗೆ ಮುಟ್ಟೀತೆಂದು ನನಗೆ ತಿಳಿಯದು. ಮುಟ್ಟಿದರೆ, ನೀವು ಬರೆದ ಆ ತಾರೀಖಿನ ಮುಂಜಾನೆಗೆ ಮುಟ್ಟಲಿ. ಬಾಲದ ಎರಡು ಹೋಳುಗಳು ನಿಮ್ಮ ಮುಂದೆ ತೆರೆದಿರುತ್ತವೆ. ತಾಮ್ರಪಟ್ಟಿಗಳು ಅಂಟಿರುತ್ತವೆ. ಸೀಸದಕಡ್ಡಿ ಕಿವಿಯ ಮೇಲಿರುತ್ತದೆ. ಒಂದೇ ಬೇಡಿಕೆ. ಒಳಗೆ ಬರೆಯುವ ಆ ಸಾಲನ್ನು ಹೊರಮೈಗೆ ಬರೆಯಿರಿ. ದೊಡ್ಡದಾಗಿ ಬರೆಯಿರಿ, ಅಂದಗೆಟ್ಟರೆ ಕೆಡಲಿ. ಉಳಿಯಿಂದ ತುಸು ಕೊರೆದರೂ ಸರಿ. ನಾವು ತಂಪುಬಣ್ಣ ಬಳಿಯುವಾಗ ಅಕ್ಷರ ಕಂಡರೆ ಮೊದಲು ಗಟ್ಟಿಯಾಗಿ ಓದುತ್ತೇವೆ, ಅಕ್ಷರದ ಮೇಲೆ ಬಣ್ಣ ಬಳಿಯುವುದು ನಮ್ಮಲ್ಲಿ ಪಾಪ. ಬಾಲದ ಮೇಲೆ ಆ ಸಾಲು ಕಂಡಿದ್ದರೆ ನಾನು ಕುಂಚ ಕೆಳಗಿಡುತ್ತಿದ್ದೆ. ಇದು ನಿಶ್ಚಯ.

ನಿಮ್ಮ ಕೈಯಲ್ಲಿರುವಾಗಲೇ ಈ ಕಾಗದದ ಅಕ್ಷರಗಳು ಮಸುಕಾಗಿ ಹೋದರೆ ಗಾಬರಿಯಾಗಬೇಡಿ, ಅಜ್ಜಾ. ನನಗೆ ಇದನ್ನು ಬರೆಯುವ ಕಾರಣವೇ ಇಲ್ಲವಾಯಿತೆಂದು ತಿಳಿಯಿರಿ. ನಾನು ಡಬ್ಬಿಯಲ್ಲಿ ಹೊಳ್ಳು ಎಂದೆ, ಅವನು ಹೊರಳಿ ಹೋದ, ಹೊಳೆಯಾಚೆ ಯಾರದೋ ಮನೆಯಲ್ಲಿ ಉಂಡು ಮಲಗಿದ, ಧೂಳು ಇಳಿದ ಮೇಲೆ ಬಂದು ನನ್ನ ಕಿವಿಗೆ ವಯಸ್ಸಾಗಿದೆಯೆಂದು ಮತ್ತೆ ನಗುತ್ತಿದ್ದಾನೆ.

ನಿಮ್ಮ
ಕಾಳವ್ವ