ಸತ್ತವರ ಸಹಿಗೆ ಕಾದು ಕೂತ ಫೈಲು

ನಗರದ ಕಂಪ್ಯೂಟರ್ ಭದ್ರತಾ ಮುಖ್ಯಾಧಿಕಾರಿಗಳಿಗೆ, ಉಳಿದವರೂ ಓದಲೆಂದು

ಮಾನ್ಯರೇ,

ತೀರಿಕೊಂಡು ಆರು ವರ್ಷವಾದ ಮನುಷ್ಯರಿಂದ ಸಹಿ ಹಾಕಿಸಿಕೊಂಡು ಬಾ ಎಂದು ನಿಮ್ಮ ಕಚೇರಿ ನನಗೆ ಅಪ್ಪಣೆ ಮಾಡಿದೆ. ನಾನು ಸಾರ್ವಜನಿಕ ಸ್ಮಶಾನದ ಗುಮಾಸ್ತ. ಸತ್ತವರೊಡನೆ ನನಗೆ ಒಡನಾಟವಿದೆ, ನಿಜ. ಆದರೆ ಸಹಿ ಕೇಳುವಷ್ಟು ಸಲುಗೆಯಿಲ್ಲ.

ನಮ್ಮಲ್ಲಿ ಕಲ್ಲುಗಳ ಮೇಲೆ ಹೆಸರಿಲ್ಲ, ಬರೀ ಸಂಖ್ಯೆ. ಒಟ್ಟು ಎರಡು ಸಾವಿರದ ಮುನ್ನೂರು ಕಲ್ಲು. ಯಾವ ಸಂಖ್ಯೆಯಡಿ ಯಾರು ಮಲಗಿದ್ದಾರೆಂಬುದು ಒಂದು ಹಳೇ ಸ್ಪ್ರೆಡ್‌ಶೀಟ್ ಫೈಲಿನಲ್ಲಿದೆ. ಅದನ್ನು ಮಾಡಿದವರು ಈ ಕುರ್ಚಿಯಲ್ಲಿ ನನಗಿಂತ ಮುಂಚೆ ಕೂತಿದ್ದ ಗುಮಾಸ್ತರು. ಹೆಸರು ಹೇಳಿದರೆ ಸಾಲು ಹೇಳುತ್ತಿದ್ದುದರಿಂದ ಎಲ್ಲರೂ ಅವರನ್ನು ಸಾಲುಮಾಸ್ತರು ಎನ್ನುತ್ತಿದ್ದರು. ಮೇಲ್ವಿಚಾರಕರೊಬ್ಬರು ಒಮ್ಮೆ ಪಟ್ಟಿಯನ್ನು ಹಿಂದುಮುಂದು ಮಾಡಿಟ್ಟರಂತೆ. ಅಂದಿನಿಂದ ಮಾಸ್ತರು ಹಾಳೆಗಳನ್ನೆಲ್ಲ ಬಚ್ಚಿಟ್ಟು, ಮುಂದೆ ಒಂದು ಗುಂಡಿ ಇಟ್ಟರು. ಒತ್ತಿ ಹೆಸರು ಬರೆದರೆ ಕಲ್ಲಿನ ಸಂಖ್ಯೆ ಬರಬೇಕು. ಹೀಗೆ ನಮ್ಮಲ್ಲಿ ಗುಂಡಿ ಎರಡು ಬಗೆ: ತೋಡುವುದು ಒಂದು, ಒತ್ತುವುದು ಇನ್ನೊಂದು. ಒತ್ತುವ ಗುಂಡಿಯ ಹಿಂದೆ ಕೂತು ದುಡಿಯುವ ಆಜ್ಞೆಗಳಿಗೆ ಮ್ಯಾಕ್ರೋ ಎಂದು ಹೆಸರು. ಮ್ಯಾಕ್ರೋ ಎಂದರೆ ಬೃಹತ್ತು ಎಂದು ಕಾಲೇಜಿನಲ್ಲಿ ಓದಿದ್ದೆ. ಎಷ್ಟು ಬೃಹತ್ತು ಎಂಬುದು ಈಗ ತಿಳಿಯಿತು.

ಹೋದ ತಿಂಗಳು ನೀವು ನಮ್ಮ ಕಂಪ್ಯೂಟರನ್ನು ಸುರಕ್ಷಿತಗೊಳಿಸಿದಿರಿ. ಈಗ ಫೈಲು ತೆರೆದರೆ ನೆತ್ತಿಯ ಮೇಲೆ ಕೆಂಪು ಪಟ್ಟಿ: "ಈ ಫೈಲಿನ ಮೂಲ ನಂಬಿಕೆಗೆ ಅರ್ಹವಲ್ಲ. ಮ್ಯಾಕ್ರೋಗಳನ್ನು ತಡೆಯಲಾಗಿದೆ." ಅದರ ಕೆಳಗೆ ಮಾಸ್ತರು ಬರೆದಿಟ್ಟ ಒಂದೇ ಸಾಲು: "ದಯವಿಟ್ಟು ಮ್ಯಾಕ್ರೋ ಚಾಲೂ ಮಾಡಿ." ಮೇಲಿನವರು ಕೂಡದು ಎನ್ನುತ್ತೀರಿ, ಕೆಳಗಿನವರು ಮಾಡು ಎನ್ನುತ್ತಾರೆ. ನಡುವೆ ನಾನು. ಹಳೇ ರಿಜಿಸ್ಟರು ನೋಡಬಾರದೇ ಎಂದು ಕೇಳುವಿರಾ? ಕಚೇರಿಯಲ್ಲಿ ಕಾಗದವೇ ಇರಕೂಡದೆಂಬ ಸುತ್ತೋಲೆ ಬಂದ ವಾರವೇ ಅವು ರದ್ದಿಗೆ ಹೋದವು. ಸುತ್ತೋಲೆ ಮಾತ್ರ ಕಾಗದದಲ್ಲೇ ಬಂದಿತ್ತು.

ಸೋಮವಾರ ಮಾಸ್ತರ ಹೆಂಡತಿ ಬಂದರು. ಮಾಸ್ತರನ್ನೂ ಮಣ್ಣು ಮಾಡಿದ್ದು ನಮ್ಮಲ್ಲೇ. ಅವರು ಹೋದಾಗ ಆಕೆ ಮಗಳ ಊರಿನ ಆಸ್ಪತ್ರೆಯಲ್ಲಿದ್ದರಂತೆ, ಮಣ್ಣಿಗೂ ಬರಲಾಗಲಿಲ್ಲ. ಮೊನ್ನೆ ಮೊನ್ನೆ ಎರಡು ಮಂಡಿಯನ್ನೂ ಬದಲಿಸಿಕೊಂಡು, ಮೊದಲ ಪ್ರಯಾಣಕ್ಕೆ ಇಲ್ಲಿಗೇ ಬಂದಿದ್ದಾರೆ. ಆಗ ಗುಂಡಿ ತೋಡಿದವರು ಯಾರೂ ಈಗ ಇಲ್ಲ. ನಾನು ಸೇರಿ ಮೂರೇ ವರ್ಷ. ನಾಚಿಕೆಯಿಂದ ಕೆಂಪು ಪಟ್ಟಿ ಓದಿ ಹೇಳಿದೆ.

"ನಂಬಿಕೆಗೆ ಅರ್ಹರಲ್ಲ ಅಂತಾನಾ? ನಲವತ್ತು ವರ್ಷ ಸಂಸಾರ ಮಾಡಿದ ನಾನೇ ಆ ಮಾತು ಅಂದಿಲ್ಲ. ಇದ್ಯಾರಪ್ಪ ಅನ್ನೋಕೆ?"

ಅವರೆದುರೇ ನಿಮ್ಮ ಸಹಾಯವಾಣಿಗೆ ಫೋನು ಮಾಡಿದೆ.

"ಫೈಲ್ ಮಾಡಿದವರ ಡಿಜಿಟಲ್ ಸಹಿ ಹಾಕಿಸಿ ಕಳ್ಸಿ, ಸಾರ್."

"ಅವರು ತೀರಿಕೊಂಡಿದ್ದಾರೆ."

"ಅಯ್ಯೋ ಪಾಪ. ಅವರ ಈಗಿನ ವಿಳಾಸ ಹೇಳಿ, ಆ ಕಾಲಂ ಖಾಲಿ ಬಿಡೋ ಹಾಗಿಲ್ಲ."

"ಈಗಿನ ವಿಳಾಸ ಅದೇ ಫೈಲಲ್ಲಿದೆ."

"ಹಾಗಾದ್ರೆ ಫೈಲ್ ತೆಗೆದು ನೋಡಿ ಹೇಳಿ ಸಾರ್, ಲೈನಲ್ಲೇ ಇರ್ತೀನಿ."

ಫೋನಿಟ್ಟೆ. ಆಕೆ ಕೈ ಚಾಚಿದರು. "ಸಹಿ ತಾನೇ? ಕೊಡಪ್ಪ ಇಲ್ಲಿ. ಮಕ್ಕಳ ಮಾರ್ಕ್ಸ್ ಕಾರ್ಡಿಗೆಲ್ಲ ಅವರ ಸಹಿ ಹಾಕ್ತಿದ್ದದ್ದು ನಾನೇ."

ಮಾನ್ಯರೇ, ಮ್ಯಾಕ್ರೋಗಳಲ್ಲಿ ಕಳ್ಳರು ಅಡಗಿ ಬರುತ್ತಾರೆಂಬುದನ್ನು ನಾನು ಅಲ್ಲಗಳೆಯುವುದಿಲ್ಲ. ಕಳ್ಳರು ಬಾಗಿಲಿನಿಂದಲೂ ಬರುತ್ತಾರೆ. ಹಾಗೆಂದು ಮನೆಯವರನ್ನು ಒಳಗಿಟ್ಟು ಬಾಗಿಲಿಗೆ ಗೋಡೆ ಕಟ್ಟುತ್ತಾರೆಯೇ? ಅಷ್ಟಕ್ಕೂ ನಮ್ಮ ಪಟ್ಟಿ ಕದ್ದವನು ಯಾರನ್ನು ಓಡಿಸಿಕೊಂಡು ಹೋದಾನು?

ಸೋಮವಾರ, ಮಂಗಳವಾರ ಆಕೆ ಕೋಲೂರಿಕೊಂಡು ಸಾಲು ಸಾಲಾಗಿ ನಡೆದರು. ಪ್ರತಿ ಕಲ್ಲಿನ ಮುಂದೆಯೂ ನಿಂತು, "ಏನ್ರೀ, ಇಲ್ಲಿದ್ದೀರಾ?" ಎಂದು ಕೇಳುತ್ತಿದ್ದರು. ನಾನು ಹಿಂದೆ ಕುರ್ಚಿ ಹೊತ್ತುಕೊಂಡು ಹೋಗುತ್ತಿದ್ದೆ. ಭದ್ರತೆಗೆ ನನ್ನ ಕೊಡುಗೆ ಅಷ್ಟೇ. ನಾನೂರು ಕಲ್ಲು ಮುಗಿಯುವಷ್ಟರಲ್ಲಿ ಹೊಸ ಮಂಡಿಗಳು ಊದಿಕೊಂಡವು. ಇಂದು, ಬುಧವಾರ, ಹೊರಗೆ ಹೋಗಲಾಗದೆ ಕಚೇರಿಗೇ ಬಂದು, ತಂದಿದ್ದ ಹೂವನ್ನು ಕಂಪ್ಯೂಟರಿನ ಮುಂದಿಟ್ಟರು.

"ಮನೇಲಿದ್ದಿದ್ದಕ್ಕಿಂತ ಇಲ್ಲೇ ಜಾಸ್ತಿ ಇದ್ರು. ಇಲ್ಲೇ ಇದ್ದಾರೆ ಅಂದ್ಕೋತೀನಿ ಬಿಡಪ್ಪ."

ಹೂವಿಗೆ ಜಾಗವಾಗಲೆಂದು ಕೀಬೋರ್ಡು ಪಕ್ಕಕ್ಕೆ ಸರಿಸಿದೆ.

ಶುಕ್ರವಾರ ಸಂಜೆ ಐದಕ್ಕೆ ಅವರ ರೈಲು. ಅಷ್ಟರೊಳಗೆ ಈ ಒಂದು ಕಂಪ್ಯೂಟರಿನಲ್ಲಿ, ಈ ಒಂದು ಫೈಲನ್ನು, ಒಂದೇ ಒಂದು ಗಂಟೆ ನಂಬಿ. ನೀವು ಕೂತಲ್ಲಿಂದಲೇ ಆಗುವ ಕೆಲಸವಂತೆ. ಇಲ್ಲ, ಮಾಡಿದವರ ಸಹಿಯೇ ಆಗಬೇಕು ಎನ್ನುವುದಾದರೆ ನಮೂನೆ ಹಿಡಿದುಕೊಂಡು ತಾವೇ ಬನ್ನಿ. ಇನ್ನು ಸಾವಿರದ ಒಂಬೈನೂರು ಕಲ್ಲು ಬಾಕಿ ಇವೆ. ಪ್ರತಿಯೊಂದರ ಮುಂದೆಯೂ ನಿಂತು, ಇಲ್ಲಿದ್ದೀರಾ ಎಂದು ಕೇಳಿ. ಕುರ್ಚಿ ನಾನು ಹೊರುತ್ತೇನೆ.

ಇಂತಿ,
ಮೇಲಿನವರಿಗೂ ಕೆಳಗಿನವರಿಗೂ ಸಮಾನವಾಗಿ ಕೆಲಸಕ್ಕೆ ಬಾರದ
ಸ್ಮಶಾನದ ಗುಮಾಸ್ತ