ನಳ ನೋಡಲು ಬಂದವಳು

ಬಂಕಾಪುರ,
೧೫-೧೧-೧೯೪೩, ಸೋಮವಾರ

ಮುದ್ದಿನ ಮಗಳು ಸರೋಜವ್ವಾ,

ಹಾಂ, ಆ ಟ್ರಾಮಿನ ಮಾತು. ನನ್ನ ನಿನ್ನೆಯ ಕಾರ್ಡಿನಲ್ಲಿ ಜಾಗ ಮುಗಿದು ಅಲ್ಲಿಗೇ ನಿಂತಿತು; ಇಂದು ದೊಡ್ಡ ಹಾಳೆಯನ್ನೇ ತೆಗೆದುಕೊಂಡು ಕುಳಿತಿದ್ದೇನೆ. ಮೊದಲು ಹೇಳು, ನಿನ್ನ ಕೆಮ್ಮು ಹೇಗಿದೆ? ಅಳಿಯಂದಿರು ಹೊತ್ತಿಗೆ ಸರಿಯಾಗಿ ಉಣ್ಣುತ್ತಾರೋ ಇಲ್ಲವೋ? ನನ್ನ ಮೊಣಕಾಲು ಆನ್ ದಿ ಹೋಲ್ ಬೆಟರ್. ರೊಟ್ಟಿ ಬಡಿಯಲು ಪಕ್ಕದ ಮನೆಯ ಸುಶೀಲವ್ವ ಬರುತ್ತಾಳೆ. ನನ್ನ ಇಂಗ್ಲಿಷು ಕೇಳಿ ಹೊಟ್ಟೆ ಹಿಡಿದು ನಗುತ್ತಾಳೆ, ರೊಟ್ಟಿ ಮಾತ್ರ ದಪ್ಪ.

ನಿಮ್ಮ ಮುಂಬೈಯಲ್ಲಿ ತಿರುಗಾಡಲು ಹೊರಟರೆ ಸುಖವೂ ಶಿಕ್ಷೆಯೂ ಒಟ್ಟಿಗೇ ಎಂದು ನೀನು ಬರೆದದ್ದು ಸುಳ್ಳಲ್ಲ. ಯುದ್ಧದ ದೆಸೆಯಿಂದ ದೀಪಗಳಿಗೆಲ್ಲ ಕಪ್ಪು ಮುಸುಕು, ಟ್ರಾಮಿನಲ್ಲಿ ಕಾಲಿಡಲು ಜಾಗವಿಲ್ಲ, ಟಾಕೀಜಿನ ಮುಂದೆ ಒಂದು ತಾಸು ನಿಂತು ಹೌಸ್‌ಫುಲ್ ಬೋರ್ಡು ನೋಡಿಕೊಂಡು ಮನೆಗೆ ಬಂದಿರಿ. ಓದಿ ನಕ್ಕೆ. ಆಮೇಲೆ ಕೊನೆಯ ಸಾಲು ಓದಿದೆ. "ಅವ್ವನ ವರ್ಷದ ಪುಣ್ಯತಿಥಿಗೆ ನಾ ಬರಂಗಿಲ್ಲ. ನಾಕು ಸಲ ಕರದೆ, ಒಮ್ಮೆರೆ ನನ್ನ ಹೊಸ್ತಿಲ ತುಳೀಲಿಲ್ಲ. ಮುಂಬೈ ಸೇರಂಗಿಲ್ಲ ಅಂದ್ಲಂತ. ನಾನೂ ಈಗ ಮುಂಬೈದಾಕೀನ ಅಲ್ಲಾ?" ಈ ದೊಡ್ಡ ಹಾಳೆ ಆ ಸಾಲಿಗಾಗಿಯೇ ಮಗಳೇ.

ನಿನ್ನ ಅವ್ವನಿಗೆ ಮುಂಬೈ ಸೇರುವುದಿಲ್ಲ ಎಂಬ ಕಥೆ ಹುಟ್ಟಿದ್ದು ಮೂವತ್ತನಾಲ್ಕರಲ್ಲಿ. ನಿನ್ನನ್ನು ಹಾನಗಲ್ಲಿನಲ್ಲಿ ಅಜ್ಜಿಯ ಹತ್ತಿರ ಬಿಟ್ಟು ನಾವಿಬ್ಬರೂ ಹೋಗಿದ್ದೆವಲ್ಲ, ಆಗ. ಹತ್ತಿಮತ್ತೂರಿನ ಕುಬೇರಪ್ಪ ಅಲ್ಲಿ ಅರಳೆ ವ್ಯಾಪಾರದ ಪೇಢಿಯಲ್ಲಿ ಕೆಲಸಕ್ಕಿದ್ದ. ಚಾಳಿನಲ್ಲಿ ಅವನದೊಂದು ಖೋಲಿ, ಒಂದೇ ಕೋಣೆಯದು. ನಾವು ಮುಟ್ಟುವಷ್ಟರಲ್ಲಿ ಬೆಳಗಿನ ನಳದ ನೀರು ನಿಂತುಹೋಗಿತ್ತು. ಖೋಲಿಯಲ್ಲಿ ಉಳಿದಿದ್ದದ್ದು ಒಂದೇ ಬಕೆಟ್ಟು ನೀರು. ಅದರಲ್ಲಿ ನಾನು ಸ್ನಾನ ಮಾಡಿದೆ, ಲಿಂಗಪೂಜೆ ಮಾಡಿಕೊಂಡೆ, ಚಹಾ ಕುಡಿದೆ. ಇನ್ನೊಮ್ಮೆ ನಾಲ್ಕು ಗಂಟೆಗೆ ನಳ ಬರುತ್ತದೆ, ಅಷ್ಟರಲ್ಲಿ ಹಿಂದಿರುಗೋಣ ಎಂದು ನಿನ್ನ ಅವ್ವನನ್ನು ಹೊರಡಿಸಿದೆ. ಮೈ ತೊಳೆದು ಪೂಜೆ ಮಾಡದೆ ಅವಳು ಒಂದು ತೊಟ್ಟು ನೀರನ್ನೂ ಬಾಯಿಗೆ ಹಾಕುತ್ತಿರಲಿಲ್ಲವೆಂಬುದು ನಿನಗೆ ಗೊತ್ತು. ನನಗೂ ಗೊತ್ತಿತ್ತು. ರಸ್ತೆಗೆ ಇಳಿದದ್ದೇ ಮರೆತೆ.

ಮರೆಯದೆ ಏನು ಮಾಡಲಿ, ಅಂಥ ಊರು! ಎರಡಂತಸ್ತಿನ ಟ್ರಾಮು, ಮೇಲೆ ಹತ್ತಿ ಮುಂದಿನ ಬಾಕಿನ ಮೇಲೆ ಕುಳಿತೆವು. ಒಂದು ದೊಡ್ಡ ಅಂಗಡಿಯಲ್ಲಿ ಲಿಫ್ಟು ಹತ್ತಿಸಿದೆ, ಅವಳು ನನ್ನ ಕೋಟಿನ ತೋಳು ಹಿಡಿದು ಕಣ್ಣು ಮುಚ್ಚಿಕೊಂಡಳು, ಮೇಲೆ ಹೋದ ಮೇಲೆ ಇನ್ನೊಮ್ಮೆ ಅಂದಳು. ರಾಣಿಬಾಗಿನ ಬೋನಿನಲ್ಲಿ ಹುಲಿ ನೋಡಿದೆವು. ಇರಾಣಿಯ ಚಹಾದಂಗಡಿಯಲ್ಲಿ ಕೂರಿಸಿ ಸೋಡಾ ತರಿಸಿದರೆ "ನನಗ ಬ್ಯಾಡ್ರಿ" ಎಂದು ಗ್ಲಾಸನ್ನು ನನ್ನ ಕಡೆಗೇ ಸರಿಸಿದಳು. ಅದನ್ನೂ ನಾನೇ ಕುಡಿದೆ. ಮೂರೂವರೆಗೆ ಕೇಳಿದಳು, "ನಳ ಬರೂ ಹೊತ್ತಾತು, ಹೋಗೂಣೇನ್ರಿ?" ಐದಕ್ಕೆ ಮತ್ತೆ ಅದನ್ನೇ ಕೇಳಿದಳು. ನಮ್ಮೂರಲ್ಲಿ ನಳ ಎಲ್ಲಿದೆ, ಪಾಪ ಅದೊಂದು ಹೊಸ ತಮಾಷೆ ಇವಳಿಗೆ ಎಂದು ತಿಳಿದು, ಟ್ರಾಮಿನ ಜನರೆಲ್ಲ ತಿರುಗಿ ನೋಡುವಂತೆ ನಕ್ಕೆ. "ನಳ ನೋಡಾಕ ಮುಂಬೈಗೆ ಬಂದಿ ಏನ?" ಅಂದೆ. 

ಚೌಪಾಟಿಯ ಉಸುಕಿನಲ್ಲಿ ನಿಲ್ಲಿಸಿ ಸಮುದ್ರ ತೋರಿಸುತ್ತಿದ್ದೆ. ಧಾರವಾಡದ ಕಾಲೇಜಿನಲ್ಲಿ ಸಮುದ್ರಕ್ಕೊಂದು ಇಂಗ್ಲಿಷ್ ಶಬ್ದ ಕಲಿಸಿದ್ದರು, ಬೌಂಡ್‌ಲೆಸ್ಸೋ ಬಾಟಮ್‌ಲೆಸ್ಸೋ, ಅದನ್ನು ನೆನಪಿಸಿಕೊಳ್ಳುವುದರಲ್ಲಿದ್ದೆ. ತಿರುಗಿ ನೋಡಿದರೆ ಅವಳು ಬಿದ್ದಿದ್ದಳು. ಎಳನೀರು ಮಾರುವ ಮರಾಠಿ ಮುದುಕಿಯೊಬ್ಬಳು ಓಡಿ ಬಂದು ತುಟಿಗೆ ಎಳನೀರು ಹಿಡಿದಳು. ಎಚ್ಚರವಿಲ್ಲದಂತಿದ್ದವಳು ತುಟಿ ಬಿಗಿದು ಮುಖ ತಿರುಗಿಸಿದಳು. ಕೈ ಕೊರಳ ಕರಡಿಗೆಯನ್ನು ಹುಡುಕಿ, ಒಳಗಿನ ಲಿಂಗದೊಂದಿಗೆ ಗಟ್ಟಿಯಾಗಿ ಹಿಡಿದುಕೊಂಡಿತು. ಆಗ ನನಗೆ ಆ ಬಕೆಟ್ಟು ನೆನಪಾಯಿತು.

ಕುದುರೆ ಗಾಡಿಯಲ್ಲಿ ಖೋಲಿಗೆ ತಂದೆ. ಕುಬೇರಪ್ಪ ನೆರೆಯವರಿಂದ ಎರಡು ಕೊಡ ನೀರು ಬೇಡಿ ತಂದ. ನಾವಿಬ್ಬರೂ ಹೊರಗೆ ನಿಂತೆವು. ಸ್ನಾನದ ಸಪ್ಪಳ, ಆಮೇಲೆ ಬಹಳ ಹೊತ್ತು ಪೂಜೆ, ಆಮೇಲೆ ಅವಳು ನೀರು ಕುಡಿಯುವ ಸಪ್ಪಳ. ಒಂದು ತಂಬಿಗೆ, ಎರಡು, ಮೂರು. ಬಾಗಿಲು ತೆಗೆದಳು. ಹಣೆಯ ತುಂಬ ವಿಭೂತಿ. "ನಾಳೆ ಎಲ್ಲಿಗ್ರಿ?" ಎಂದು ಕೇಳಿದಳು.

ಮರುದಿನ ಎಲ್ಲಿಗೂ ಹೋಗಲಿಲ್ಲ. ಅವಳ ಮುಖ ನೋಡಲಾರದೆ ಬೆಳಗಿನ ಗಾಡಿಗೇ ಊರಿಗೆ ಕರೆತಂದೆ. ಯಾಕೆ ಇಷ್ಟು ಬೇಗ ಬಂದಿರೆಂದು ಕೇಳಿದವರಿಗೆಲ್ಲ, "ನಮ್ಮ ಹಾಲವ್ವ ಸಮುದ್ರ ನೋಡಿ ಅಂಜಿ ಬಿದ್ದಳು, ಮುಂಬೈ ಇವಳಿಗೆ ಸೇರೂದಿಲ್ಲ" ಎಂದು ಕಥೆ ಕಟ್ಟಿದೆ. ಶಿಗ್ಗಾಂವಿಯ ಮದುವೆಯಲ್ಲಿ, ಸವಣೂರಿನ ನಂಟರ ಪಡಸಾಲೆಯಲ್ಲಿ, ಎಲ್ಲಿ ಹೋದಲ್ಲಿ ಅದೇ ನಗೆಚಾಟಿಕೆ. ಅವಳೂ ಸೆರಗು ಬಾಯಿಗೆ ಹಿಡಿದು ನಗುತ್ತಿದ್ದಳು. ನೀನೂ ನಕ್ಕಿದ್ದೀಯ.

ಅಕ್ಷರಗಳು ಕಾಣದಾಗುತ್ತಿವೆ. ಬಿಸಿಲು ಹಿತ್ತಿಲ ಗೋಡೆ ದಾಟಿತು, ಚಿಮಣಿ ಎಣ್ಣೆ ಸಿಗದೆ ವಾರವಾಯಿತು. ಇಲ್ಲಿಗೆ ನಿಲ್ಲಿಸುತ್ತೇನೆ. ಅಳಿಯಂದಿರಿಗೆ ನನ್ನ ಶರಣು ಹೇಳು. ನಿನ್ನ ಕುಂಕುಮ ಬೆಳಗಲಿ, ನಿಮ್ಮ ಕೊಡ ತುಂಬಿರಲಿ.

ನಿನ್ನ ಅಪ್ಪ,
ಕರಬಸಪ್ಪ

ತಾ. ಕ. — ನಮ್ಮೂರ ಬಂದೇಸಾಬ ಹೊರಡಲು ತನ್ನ ಮೋಟಾರು ತೆಗೆಯುತ್ತಿದ್ದಾನೆ, ಹಾವೇರಿಯಲ್ಲಿ ಟಪಾಲಿಗೆ ಹಾಕುತ್ತಾನಂತೆ, ಅವಸರದಲ್ಲಿ ಬರೆಯುತ್ತೇನೆ. ಅವ್ವ ಬರುವುದಿಲ್ಲವೆನ್ನುತ್ತಾಳೆ ಎಂದು ನಾಲ್ಕೂ ಸಲ ಬರೆದವನು ನಾನು. ಅಲ್ಲಿಗೆ ಬಂದರೆ ಆ ದಿನದ ನಿಜ ನಿನಗೆ ಹೇಳಿಬಿಟ್ಟಾಳೆಂದು ಅಂಜಿದೆ. ಅದಕ್ಕೆ ನಿನ್ನ ಮರುಕಾಗದ ಬಂದಾಗಲೆಲ್ಲ, ಓದಲು ಬಾರದ ಅವಳ ಎದುರು ಅದನ್ನು ಹಿಡಿದು, ಮಗಳ ಖೋಲಿಯಲ್ಲಿ ಸದ್ಯಕ್ಕೆ ಜಾಗವಿಲ್ಲವಂತೆ ಎಂದು ಓದಿದೆ. ಪುಣ್ಯತಿಥಿಗೆ ನನ್ನ ಸಲುವಾಗಿ ಬರಬೇಡ, ಅವಳ ಸಲುವಾಗಿ ಬಾ. ನೀನು ಕರೆದ ನಾಲ್ಕೂ ಸಲ ಅವಳು ನನ್ನ ಎದುರು ಕುಳಿತು ಬರೆಯಲು ಹೇಳಿದ್ದು ಇಷ್ಟೇ: "ಬರ್ತೇನಿ ಅಂತ ಬರೀರಿ. ನಳ ಎಷ್ಟ ಹೊತ್ತಿಗೆ ಬರತೈತಿ, ಕೇಳ್ರಿ."