ದೀಪ ಆರಿದರೂ

ಹದಿನಾಲ್ಕು, ಮಂಗಳವಾರ. ಕರೆಂಟಿನ ವಿಷಯ ತಲೆಯಿಂದ ಹೋಗುತ್ತಲೇ ಇಲ್ಲ.

ಪ್ರೆಸ್ಸಿನಲ್ಲಿ ಕಾಗದ ಕತ್ತರಿಸುವ ಯಂತ್ರದ ಮೇಲಿನ ದೀಪ ಕೆಟ್ಟಿತ್ತು. ನಾನೇ ಸ್ವಿಚ್ ಆರಿಸಿ, ಹೋಲ್ಡರ್ ಬಿಚ್ಚಿ, ಇನ್ನೇನು ತಂತಿಗೆ ಕೈ ಹಾಕುವುದರಲ್ಲಿದ್ದೆ. ಅಲ್ಲಿಯ ಎಲೆಕ್ಟ್ರಿಷಿಯನ್, ನನ್ನ ಹೆಂಡತಿಯ ತಮ್ಮ, ಬಾಗಿಲಿನಿಂದಲೇ ಕೂಗಿದ.

"ಭಾವ, ಟೆಸ್ಟರ್ ಇಡದೆ ಮುಟ್ಟಬೇಡಿ!"

"ಸ್ವಿಚ್ ಆಫ್ ಮಾಡಿದೀನಿ ಕಣೋ. ನಾನೂ ಕಾಲೇಜಲ್ಲಿ ಫಿಸಿಕ್ಸ್ ಓದಿದೋನೇ. ಕರೆಂಟ್ ಆಲ್ವೇಸ್ ಟೇಕ್ಸ್ ದಿ... ಈಸಿಯೆಸ್ಟೋ ಲೀಸ್ಟೋ, ಏನೋ ಒಂದು ಪಾತ್."

ಅವನು ಟೆಸ್ಟರನ್ನು ಮೊದಲು ಪಕ್ಕದ ಪ್ಲಗ್ಗಿಗಿಟ್ಟು, ಟೆಸ್ಟರೇ ಸರಿಯಿದೆಯೇ ಎಂದು ನೋಡಿಕೊಂಡ. ಆಮೇಲೆ ನನ್ನ ತಂತಿಗಿಟ್ಟ. ಟೆಸ್ಟರಿನೊಳಗಿನ ಪುಟ್ಟ ದೀಪ ಕೆಂಪಗೆ ಹೊತ್ತಿಕೊಂಡಿತು. ವೈರಿಂಗ್ ಮಾಡಿದವರು ಯಾರೋ ಸ್ವಿಚ್ಚನ್ನು ಕರೆಂಟು ಬರುವ ಫೇಸ್ ತಂತಿಯ ಬದಲು, ಅದು ವಾಪಸ್ ಹೋಗುವ ನ್ಯೂಟ್ರಲ್ಲಿಗೆ ಹಾಕಿದ್ದರಂತೆ. ದೀಪ ಆರುತ್ತದೆ, ಕರೆಂಟು ಮಾತ್ರ ಹೋಲ್ಡರಿನ ತನಕ ಬಂದು ನಿಂತೇ ಇರುತ್ತದೆ.

ಸದ್ದಿಲ್ಲ, ವಾಸನೆಯಿಲ್ಲ, ಬಿಸಿಯೂ ಇಲ್ಲ. ಹನ್ನೊಂದು ವರ್ಷ ಅದರ ಕೆಳಗೇ ಕೂತು ಹರಟೆ ಹೊಡೆದಿದ್ದೇನೆ. ಅಷ್ಟೊಂದು ಶಕ್ತಿ ಅಷ್ಟು ಸುಮ್ಮನೆ ಹೇಗಿರುತ್ತದೆ? ಓದಿ ಪಾಸಾದೆ, ಒಮ್ಮೆಯೂ ಬೆರಗಾಗಲಿಲ್ಲವಲ್ಲ.

"ನೀವಂದ ಆ ಪಾತ್, ಕರೆಂಟು ಹೋಗೋ ದಾರಿ, ಇವತ್ತು ನೀವೇ ಆಗ್ತಿದ್ರಿ. ಅಕ್ಕನ ಹತ್ರ ಹೋಗೋಕೆ ಇಷ್ಟು ಅವಸರಾನಾ ಭಾವ?" ಎಂದ.

ಅವಳು ಹೋದ ಮೇಲೆ ಎಷ್ಟೋ ಸಲ, ನನ್ನನ್ನೂ ಕರೆದುಕೊಂಡುಬಿಡು ಎಂದು ಅವಳ ಫೋಟೋಗೆ ಹೇಳಿದವನು ನಾನು. ಟೆಸ್ಟರ್ ಹೊತ್ತಿಕೊಂಡಾಗ ನಾನು ಕೈ ಹಿಂದಕ್ಕೆಳೆದುಕೊಂಡ ವೇಗವನ್ನು ಅವಳು ನೋಡಬೇಕಿತ್ತು. ಬದುಕುವ ಆಸೆ ಇಷ್ಟೊಂದು ನನ್ನೊಳಗೆ ಎಲ್ಲಿತ್ತೋ, ಯಾವಾಗಿನಿಂದ ಇತ್ತೋ.